ಹತ್ತಿಗೆ ಮೋಹಕ ಬಲೆ: ಹಲವು ಹಂಗಾಮು ಬಳಸಿದ ಮೇಲೆ

ಹತ್ತಿಯ ಕಾಯಿ ಕೊರೆದು ತಿನ್ನುವ ಗುಲಾಬಿ ಕಾಯಿಕೊರಕ ಹುಳುವಿಗೆ ಮೋಹಕ ಬಲೆ ಕಟ್ಟಲು ಶುರು ಮಾಡಿ ಹಲವು ಹಂಗಾಮು ಆಯ್ತು. ಹೆಣ್ಣು ಪತಂಗದ ವಾಸನೆ ಇಟ್ಟು ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ ಇದು. ‘ಬಲೆ ಹಾಕಿದರೆ ಹುಳು ಹೋಗುತ್ತಾ?’ ಅಂತ ಎಲ್ಲರೂ ಕೇಳುತ್ತಾರೆ. ಹೋಗಲ್ಲ. ಕಾಯಿ ಒಡೆದು ನೋಡುವ ಹೊತ್ತು ಬಂತು ಅಂತ ಹೇಳುತ್ತದೆ, ಅಷ್ಟೇ. ಆದರೆ ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ.

ಈ ಹುಳುವಿನ ತೊಂದರೆಯೇ ಅದು, ಕಣ್ಣಿಗೆ ಬೀಳುವುದಿಲ್ಲ. ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಮೊಗ್ಗು, ಕಾಯಿಯೊಳಗೆ ಸೇರಿಕೊಳ್ಳುತ್ತದೆ. ಕೊರೆದ ತೂತೂ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಕಾಯಿ ಚೆನ್ನಾಗೇ ಇರುತ್ತದೆ. ಆಮೇಲೆ ಔಷಧಿ ಹೊಡೆದರೆ ಅದಕ್ಕೆ ತಾಗುವುದಿಲ್ಲ. ಹುಳು ಬೆಳೆದು ಆಗುವ ಪತಂಗವನ್ನಾದರೂ ನೋಡೋಣ ಅಂದ್ರೆ ಅದು ಹಾರುವುದು ರಾತ್ರಿ.

ಬಿತ್ತಿ 45 ದಿನ ಆಗುವ ಹೊತ್ತಿಗೆ ಎಕರೆಗೆ 2 ಬಲೆ ಕಟ್ಟುತ್ತೇನೆ. ಗಿಡದ ತುದಿಗಿಂತ ಸುಮಾರು ಒಂದು ಅಡಿ ಮೇಲಿರಬೇಕು. ಗಿಡ ಬೆಳೆದಂತೆ ಬಲೆಯನ್ನೂ ಏರಿಸುತ್ತಾ ಹೋಗಬೇಕು, ಇಲ್ಲದಿದ್ದರೆ ಎಲೆಯ ನಡುವೆ ಮುಳುಗುತ್ತದೆ. ಬಿದ್ದ ಪತಂಗ ಸೇರುವುದು ಬಲೆಯ ಕೆಳಗೆ ತೂಗುವ ಚೀಲದಲ್ಲಿ, ಬೆಳಿಗ್ಗೆ ಅದರ ಗಂಟು ಬಿಚ್ಚಿ ಎಣಿಸಿ ಬರೆದಿಡುತ್ತೇನೆ. ಒಂದು ಬಲೆಗೆ ದಿನಕ್ಕೆ 8 ಪತಂಗದಂತೆ ಸತತ 3 ದಿನ ಬಿದ್ದರೆ ಸುಮ್ನೆ ಕೂರುವ ಹಾಗಿಲ್ಲ.

ಹಾಗಂತ ತಕ್ಷಣ ಪಂಪು ಹೆಗಲಿಗೇರಿಸುವುದಿಲ್ಲ. ಹೊಲದ ಬೇರೆ ಬೇರೆ ಕಡೆಯಿಂದ 20 ಹಸಿರು ಕಾಯಿ ಕಿತ್ತು, ಒಡೆದು ನೋಡುತ್ತೇನೆ. ಗುಲಾಬಿ ಬಣ್ಣದ್ದನ್ನೇ ಹುಡುಕಬೇಡಿ, ಮರಿ ಹುಳು ಬೆಳ್ಳಗಿರುತ್ತದೆ, ತಲೆ ಮಾತ್ರ ಕಪ್ಪು. ಕಾಯಿಯ ಒಳಗೋಡೆಯಲ್ಲಿ ಗೀರು, ಕೊರೆದ ಬೀಜ, ಕಲೆಯಾದ ಎಳೆ ಕಂಡರೂ ಲೆಕ್ಕಕ್ಕೆ ಬಂತು. 20ರಲ್ಲಿ 2 ಕಾಯಿ ಹಾಳಾಗಿದ್ದರೆ ಔಷಧಿ ಹೊಡೆಯಬೇಕು. ಅರಳದೆ, ದಳ ಸುತ್ತಿಕೊಂಡು ಗುಲಾಬಿ ಮೊಗ್ಗಿನ ಹಾಗೆ ನಿಂತ ಹೂ ಕಂಡರೆ ಕಿತ್ತು ನಾಶ ಮಾಡಿ, ಒಳಗೆ ಹುಳು ಇರುತ್ತದೆ.

ಇನ್ನು ಕಿರಿಕಿರಿಗಳು. ಮಳೆ ಬಿದ್ದರೆ ಚೀಲದಲ್ಲಿ ನೀರು ನಿಂತು ಪತಂಗಗಳೆಲ್ಲ ಮುದ್ದೆಯಾಗುತ್ತವೆ, ಎಣಿಸುವುದು ಹಿಂಸೆ. ಇರುವೆ ನುಗ್ಗಿದರೆ ರೆಕ್ಕೆ ಮಾತ್ರ ಉಳಿಯುತ್ತದೆ, ಲೆಕ್ಕವೇ ತಪ್ಪುತ್ತದೆ. ಕೋಲಿಗೆ ಸ್ವಲ್ಪ ಗ್ರೀಸ್ ಸವರಿದರೆ ವಾಸಿ. ಅಂಟಿನ ತಳದ ಡೆಲ್ಟಾ ಬಲೆಯಲ್ಲಿ ಎಣಿಸುವುದು ಸುಲಭ, ಆದರೆ ಧೂಳಿನ ಹೊಲದಲ್ಲಿ ಅಂಟು ಬೇಗ ಸಾಯುತ್ತದೆ. ನನಗೆ ಚೀಲದ್ದೇ ಇಷ್ಟ.

ಲೂರ್, ಅಂದ್ರೆ ಬಲೆಯೊಳಗಿಡುವ ವಾಸನೆಯ ತುಂಡು, ಅದರ ವಿಷಯದಲ್ಲಿ ಜಿಪುಣತನ ಬೇಡ. ಪೊಟ್ಟಣದಲ್ಲಿ ಹೇಳಿದ ಅವಧಿಗೆ ಬದಲಾಯಿಸಿ. ಹಳೆಯದಾದರೆ ಪತಂಗ ಬರುವುದಿಲ್ಲ, ನೀವು ಹುಳುವೇ ಇಲ್ಲ ಅಂದುಕೊಳ್ಳುತ್ತೀರಿ. ಬಲೆ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು ಅಲ್ವಾ? ಉಳಿದದ್ದನ್ನು ಫ್ರಿಜ್‌ನಲ್ಲಿಡಿ. ತಂಬಾಕು ಮುಟ್ಟಿದ ಕೈಯಲ್ಲಿ ಹಿಡಿಯಬೇಡಿ. ಹಸಿರು ಕಾಯಿಕೊರಕದ ಲೂರ್ ಬೇರೆ, ಅದಕ್ಕೆ ಬೇರೆ ಬಲೆಯೇ ಬೇಕು.

ಬಲೆಗೆ ಬೀಳುವುದು ಗಂಡು ಮಾತ್ರ. ಕೂಡಿದ ಹೆಣ್ಣು ಪಕ್ಕದ ಹೊಲದಿಂದ ಹಾರಿ ಬಂದು ಮೊಟ್ಟೆ ಇಟ್ಟರೆ ಬಲೆ ಏನೂ ಮಾಡಲ್ಲ. ‘ಇದಿದ್ದರೆ ಔಷಧಿಯೇ ಬೇಡ’ ಅಂತ ಮಾರುವವರ ಮಾತು ನಂಬಬೇಡಿ. ಬಿಳಿ ನೊಣಕ್ಕೆ ಹಳದಿ ಅಂಟು ಹಾಳೆ ಇದೆ. ಎಲೆಚುಕ್ಕೆಯಂಥ ರೋಗಕ್ಕೆ ಯಾವ ಬಲೆಯೂ ಇಲ್ಲ, ಸಾಲಿನಲ್ಲಿ ನಡೆದು ಎಲೆ ತಿರುವಿ ನೋಡಲೇಬೇಕು.

ನನ್ನ ಲೆಕ್ಕದಲ್ಲಿ ಈ ಬಲೆಗೆ 5ಕ್ಕೆ 4 ಅಂಕ. ಚೀಲದ ಮೇಲಿನ ಪ್ಲಾಸ್ಟಿಕ್ ಆಲಿಕೆ ಹಲವು ಹಂಗಾಮು ಬರುತ್ತದೆ, ಚೀಲ ಬೇಗ ಹರಿಯುತ್ತದೆ. ಕೊಳ್ಳುವಾಗಲೇ ನಾಲ್ಕು ಚೀಲ ಜಾಸ್ತಿ ತಗೊಳ್ಳಿ, ಲೂರ್ ಮಾತ್ರ ಪ್ರತಿ ಹಂಗಾಮಿಗೂ ಹೊಸದು, ತಯಾರಾದ ತಾರೀಖು ನೋಡಿ.