ಮಿರ್ಚಿ, ಬೆಣ್ಣೆದೋಸೆಯ ಜೊತೆ ಮೂರು ಬಿಳಿ ವೈನ್: ಮೋಸೆಲ್, ಮಾರ್ಲ್‌ಬರೋ, ನಂದಿ

ದಾವಣಗೆರೆಯ ಏಪ್ರಿಲ್ ಸೆಕೆಯಲ್ಲಿ ಬಿಳಿ ವೈನ್ ಕೆಡುವುದು ಹೆಚ್ಚಾಗಿ ಲೋಟಕ್ಕೆ ಬಂದ ಮೇಲೆಯೇ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಬಾಟಲಿ ವಿಪರೀತ ತಣ್ಣಗಿರುತ್ತದೆ, ಪರಿಮಳ ಏಳುವುದಿಲ್ಲ. 8ರಿಂದ 10 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಒಮ್ಮೆಗೆ 60 ಮಿ.ಲೀ. ಮಾತ್ರ ಬಗ್ಗಿಸಿ, ಬಾಟಲಿಯನ್ನು ಐಸ್ ಮತ್ತು ನೀರು ಎರಡೂ ಇರುವ ಬಕೆಟ್‌ಗೆ ವಾಪಸ್ ಇಡಿ. ಬರೀ ಐಸ್ ಹಾಕಿದರೆ ಅದು ಗಾಜಿಗೆ ಅಲ್ಲಲ್ಲಿ ತಾಗುತ್ತದೆ ಅಷ್ಟೆ. ಲೋಟ ತುಂಬ ಸುರಿದುಕೊಂಡರೆ ಕುಡಿದು ಮುಗಿಸುವಷ್ಟರಲ್ಲಿ ಬೆಚ್ಚಗಾಗಿ ಆಲ್ಕೋಹಾಲಿನ ಘಾಟೊಂದೇ ಉಳಿಯುತ್ತದೆ. ಊದಿನಕಡ್ಡಿ ಹಚ್ಚಿದ ಕೋಣೆಯಂತೂ ಬೇಡವೇ ಬೇಡ.

ಹೋಲಿಸಿದ್ದು ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಕ್ಯಾಬಿನೆಟ್ (ರೀಸ್ಲಿಂಗ್ ದ್ರಾಕ್ಷಿಯ ಹಗುರವಾದ, ತುಸು ಸಿಹಿ ಉಳಿದ ಬಗೆ), ನ್ಯೂಜಿಲೆಂಡಿನ ಮಾರ್ಲ್‌ಬರೋದ ಸೋವಿನ್ಯೋಂ ಬ್ಲಾಂ (ಇದೂ ಒಂದು ಬಿಳಿ ದ್ರಾಕ್ಷಿ ತಳಿ), ನಂದಿ ಬೆಟ್ಟದ ತಪ್ಪಲಿನ ಸೋವಿನ್ಯೋಂ ಬ್ಲಾಂ. ಸಿಹಿ ಇರುವುದನ್ನು ಕೊನೆಗೆ ಇಡಬೇಕು, ಹಾಗಾಗಿ ನಂದಿ, ಮಾರ್ಲ್‌ಬರೋ, ಮೋಸೆಲ್ ಅನುಕ್ರಮ. ನಡುವೆ ನಾಲಿಗೆ ತೊಳೆಯಲು ಒಗ್ಗರಣೆ ಹಾಕದ ಬಿಳಿ ಮಂಡಕ್ಕಿ, ಒಂದು ಗುಟುಕು ನೀರು. ಈ ಕೆಲಸಕ್ಕೆ ಉಪ್ಪು ಬಿಸ್ಕತ್ತಿಗಿಂತ ಮಂಡಕ್ಕಿಯೇ ವಾಸಿ.

ನಂದಿಯದು ನಿಜವಾದ ಚಳಿಸೀಮೆಯ ವೈನ್ ಅಲ್ಲ. ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಉಷ್ಣವಲಯದಲ್ಲಿ. ಸುಮಾರು 900 ಮೀಟರ್ ಎತ್ತರದಿಂದ ರಾತ್ರಿ ಮಾತ್ರ ತಂಪು. ಕೊಯ್ಲು ಬೇಸಿಗೆ ಏರುವ ಹೊತ್ತಿಗೆ ಬರುತ್ತದೆ. ಬಿಸಿಲಿನಲ್ಲಿ ಕಾಯಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಕರಗುತ್ತದೆ, ಸಕ್ಕರೆ ಓಡಿ ಏರುತ್ತದೆ. ಅದಕ್ಕೇ ರುಚಿಯಲ್ಲಿ ಪೇರಲ, ಮೋಸಂಬಿ ಮುಂದೆ ಬಂದು ಹುಳಿ ಬೇಗ ಹಿಂದೆ ಸರಿಯುತ್ತದೆ. ಚಳ್ಳಕೆರೆ ಕಡೆಯ ಹುರಿದ ಶೇಂಗಾಕ್ಕೆ ಚೆನ್ನ. ಅದಕ್ಕಿಂತ ಹೆಚ್ಚು ಕೇಳಬೇಡಿ.

ಮಾರ್ಲ್‌ಬರೋದಲ್ಲಿ ಹಗಲು ಝಳಝಳ ಬಿಸಿಲು, ರಾತ್ರಿ ಚಳಿ. ಮೂಗಿಗೆ ಮೊದಲು ಸಿಗುವುದು ದೊಣ್ಣೆಮೆಣಸಿನಕಾಯಿಯನ್ನು ಆಗಷ್ಟೇ ಸೀಳಿದ ವಾಸನೆ, ಅದು ಪೈರಜೀನ್ ಎಂಬ ಪರಿಮಳದ ಸಂಯುಕ್ತಗಳಿಂದ. ಹಿಂದೆಯೇ ಪ್ಯಾಷನ್ ಫ್ರೂಟ್, ಅದು ಥಯಾಲ್ ಎಂಬ ಇನ್ನೊಂದು ಬಗೆಯ ಸಂಯುಕ್ತಗಳಿಂದ. ಮಾರ್ಲ್‌ಬರೋದೊಳಗಿನ ವೈರಾವು ಕಣಿವೆಯದರಲ್ಲಿ ಹಣ್ಣು ಜಾಸ್ತಿ, ಹೆಚ್ಚು ತಂಪಿನ ಅವಾಟರಿ ಕಣಿವೆಯದರಲ್ಲಿ ಟೊಮೆಟೊ ಎಲೆಯ ಹಸಿರು ಜಾಸ್ತಿ. ಬೆಣ್ಣೆದೋಸೆಯ ಜಿಡ್ಡನ್ನು ಈ ಹುಳಿ ಚಾಕುವಿನಂತೆ ಕತ್ತರಿಸುತ್ತದೆ, ಹಸಿರು ಪರಿಮಳ ತೆಂಗಿನಕಾಯಿ ಚಟ್ನಿಗೂ ಒಗ್ಗುತ್ತದೆ. ಚಟ್ನಿ ಖಾರವಾದರೆ ಮಾತ್ರ ಆಟ ಕೆಡುತ್ತದೆ: 13 ಪರ್ಸೆಂಟ್ ಆಸುಪಾಸಿನ ಆಲ್ಕೋಹಾಲ್ ಮೆಣಸಿನ ಉರಿಯನ್ನು ಎರಡರಷ್ಟು ಮಾಡಿದಂತೆ ಅನ್ನಿಸುತ್ತದೆ.

ಇಲ್ಲಿ ಗೆದ್ದದ್ದು ಮೋಸೆಲ್. ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದ ಚಳಿಯಲ್ಲಿ ರೀಸ್ಲಿಂಗ್ ಹಣ್ಣಾಗುವುದೇ ಕಷ್ಟ. ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಇಳಿಜಾರು, ಹಗಲಿನ ಬಿಸಿ ಹಿಡಿದಿಟ್ಟುಕೊಂಡು ರಾತ್ರಿ ಬಿಡುವ ಸ್ಲೇಟ್ ಕಲ್ಲು, ಕೆಳಗೆ ಬಿಸಿಲನ್ನು ಪ್ರತಿಫಲಿಸುವ ನದಿ, ಇಷ್ಟೂ ಸೇರಿದರೆ ಹಣ್ಣು. ಮೋಸೆಲ್ ದಂಡೆಯ ಬ್ರೆಮ್ಮರ್ ಕಾಲ್ಮಾಂಟ್ ಗುಡ್ಡದ ಕೆಲವು ತೋಟಗಳ ಇಳಿಜಾರು 60 ಡಿಗ್ರಿ ದಾಟುತ್ತದೆ, ಅಲ್ಲಿ ನೆಟ್ಟಗೆ ನಿಲ್ಲುವುದೇ ಸಾಹಸ. ನಿಧಾನಕ್ಕೆ ಮಾಗುವುದರಿಂದ ಹುಳಿ ಉಳಿಯುತ್ತದೆ. ಎಲ್ಲ ಸಕ್ಕರೆ ಹುದುಗಿ ಆಲ್ಕೋಹಾಲ್ ಆಗುವ ಮೊದಲೇ ನಿಲ್ಲಿಸಿದ ಕ್ಯಾಬಿನೆಟ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 8–9 ಪರ್ಸೆಂಟ್.

ಬಿಸಿ ಮಿರ್ಚಿ ಕಚ್ಚಿ ಒಂದು ಗುಟುಕು ಕುಡಿಯಿರಿ. ಸಿಹಿ ಖಾರವನ್ನು ತಗ್ಗಿಸುತ್ತದೆ, ಖಾರ ಸಿಹಿಯನ್ನು ನುಂಗುತ್ತದೆ. ಬರಿದೇ ಕುಡಿದಾಗ ಶರಬತ್ತೇನೋ ಅನ್ನಿಸಿದ್ದು ಈಗ ಹಸಿರು ಸೇಬು, ನಿಂಬೆಸಿಪ್ಪೆ, ಒದ್ದೆ ಕಲ್ಲಿನ ರುಚಿ ಕೊಡುತ್ತದೆ. ಖಾರ ಮಂಡಕ್ಕಿಗೂ ಇದೇ ಲೆಕ್ಕ. ಹಲವು ವರ್ಷ ಕಳೆದ ಬಾಟಲಿಯಲ್ಲಿ ಸೀಮೆಎಣ್ಣೆಯಂಥ ವಾಸನೆ ಬಂದರೆ ಕಲಬೆರಕೆ ಎಂದು ಗಲಾಟೆ ಮಾಡಬೇಡಿ. ಟಿಡಿಎನ್ ಎಂಬ ಸಂಯುಕ್ತದ ಗುಣ ಅದು, ರೀಸ್ಲಿಂಗ್‌ಗೆ ಸಹಜ.

ಕ್ಯಾಬಿನೆಟ್ ಕೊಳ್ಳುವಾಗ ಲೇಬಲ್‌ನಲ್ಲಿ ‘ಟ್ರೋಕನ್’ ಇದೆಯೇ ನೋಡಿ. ಇದ್ದರೆ ಅದು ಸಿಹಿ ಇಲ್ಲದ ಬಗೆ, ಮಿರ್ಚಿ ಎದುರು ಈ ಕೆಲಸ ಮಾಡುವುದಿಲ್ಲ. ಕಾರ್ಕ್ ಬಾಯಿಂದ ಮೇಲೆದ್ದಿದ್ದರೆ ಅಥವಾ ಕೊರಳು ಅಂಟಂಟಾಗಿದ್ದರೆ ಬಾಟಲಿ ಬಿಸಿಲಲ್ಲಿ ಬೆಂದಿರುವ ಸಾಧ್ಯತೆ ಹೆಚ್ಚು. ಬೆಂದ ಸೇಬಿನ ವಾಸನೆ ಬರುತ್ತದೆ, ಎಷ್ಟು ತಣಿಸಿದರೂ ಹೋಗುವುದಿಲ್ಲ. ತೆರೆದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಕ್ಯಾಬಿನೆಟ್ ನಾಲ್ಕು ದಿನ ಆರಾಮವಾಗಿ ತಡೆಯುತ್ತದೆ, ನಂದಿಯದನ್ನು ಮಾರನೆಯ ದಿನವೇ ಮುಗಿಸಿ.