ನೋವಿಗೆ ಅಂತ ವಿಜಯ ಎಣ್ಣೆ ತರಿಸುವ ಮುಂಚೆ ನಮ್ಮವ್ವನಿಗೆ ಆದದ್ದನ್ನು ಓದಿ

ಮಂಡಿ ನೋವು, ಸೊಂಟ ನೋವು, ನಿದ್ದೆ ಬರಲ್ಲ ಅಂತ ಹಿರಿಯರಿಗೆ ಫೋನಿನಲ್ಲಿ ಜಾಹೀರಾತು ನೋಡಿ 'ವಿಜಯ' ಅನ್ನುವ ಗಾಂಜಾ ಗಿಡದ ಎಣ್ಣೆ ತರಿಸುವವರು ಈಗ ನಮ್ಮ ಮಂಡ್ಯದ ಕಡೆಯೂ ಇದ್ದಾರೆ. ನಾನೂ ತರಿಸಿದೆ. ಅದರಿಂದ ನಮ್ಮವ್ವ ಆರು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ನಿಮ್ಮ ಮನೆಯಲ್ಲಿ ರಕ್ತ ತೆಳು ಮಾಡುವ ಮಾತ್ರೆಯೋ ಫಿಟ್ಸ್ ಮಾತ್ರೆಯೋ ತಗೊಳ್ಳುವವರಿದ್ದರೆ ದಯವಿಟ್ಟು ಪೂರ್ತಿ ಓದಿ.

ಅವ್ವನಿಗೆ 63 ವರ್ಷ. ಒಂಬತ್ತು ವರ್ಷದ ಹಿಂದೆ ಹೃದಯದ ವಾಲ್ವ್ ಬದಲಾಯಿಸಿ ಲೋಹದ್ದು ಹಾಕಿದ್ದಾರೆ. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ರಾತ್ರಿ ವಾರ್ಫರಿನ್. ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವುದು. ಅವ್ವನ ಲೆಕ್ಕ 2.5ರಿಂದ 3.5ರ ಒಳಗಿರಬೇಕು. ಕೆಳಗೆ ಹೋದರೆ ಹೆಪ್ಪು, ಮೇಲೆ ಹೋದರೆ ರಕ್ತಸ್ರಾವ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸ ಕಮ್ಮಿ ಮಾಡುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಬಸ್ಸಾರು ಮಾಡಿದರೂ ವಾರಕ್ಕೆ ಇಷ್ಟೇ ಸೊಪ್ಪು ಅಂತ ಅಳತೆ ಇದೆ. ಅಷ್ಟು ಜೋಪಾನ ಮಾಡುವ ಮನೆಗೆ ನಾನು ಇನ್ನೊಂದು ಸೊಪ್ಪಿನ ಎಣ್ಣೆ ತಂದೆ, ಯಾರನ್ನೂ ಕೇಳದೆ.

ತಂದದ್ದಕ್ಕೂ ಕಾರಣ ಇತ್ತು. ವಾರ್ಫರಿನ್ ತಿನ್ನುವವರಿಗೆ ಅಂಗಡಿಯಲ್ಲಿ ಸಿಗುವ ಬಹಳಷ್ಟು ನೋವಿನ ಮಾತ್ರೆ ಆಗಲ್ಲ, ಹೊಟ್ಟೆಯಲ್ಲಿ ರಕ್ತ ಬರಬಹುದು. ಅವ್ವ ರಾತ್ರಿಯೆಲ್ಲ ಮಂಡಿ ಹಿಡಿದುಕೊಂಡು ಕೂತಿರುತ್ತಿದ್ದರು. ಅದನ್ನು ನೋಡಲಾಗದೆ ಹುಡುಕಿದಾಗ ಈ ಎಣ್ಣೆ ಕಣ್ಣಿಗೆ ಬಿತ್ತು. ಆಯುರ್ವೇದದ 'ವಿಜಯ', ಶುದ್ಧ ಗಿಡಮೂಲಿಕೆ, ಕಾನೂನುಬದ್ಧ ಅಂತ ದಪ್ಪಕ್ಷರದಲ್ಲಿತ್ತು. ಹಳ್ಳಿಯಲ್ಲಿ ಭಂಗಿ ಸೊಪ್ಪು ಅನ್ನುತ್ತಾರಲ್ಲ, ಅದೇ. ಕಾನೂನುಬದ್ಧ ಅನ್ನುವುದು ಸುಳ್ಳೇನಲ್ಲ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಟ್ಟ ಕುಡಿ. ಕುಡಿ ಇಲ್ಲದ ಬರೀ ಎಲೆ ಅದರಲ್ಲಿ ಸೇರಿಲ್ಲ, ಹಾಗಾಗಿ ಎಲೆಯಿಂದ ಮಾಡಿದ ಔಷಧಿಗೆ ಆಯುರ್ವೇದದ ಲೈಸೆನ್ಸ್ ಸಿಗುತ್ತದೆ. ಆದರೆ ಕಾನೂನುಬದ್ಧ ಅಂದಿದ್ದನ್ನು ನಾನು 'ಅವ್ವನಿಗೆ ಏನೂ ಆಗಲ್ಲ' ಅಂತ ಓದಿಕೊಂಡೆ.

ವಿಡಿಯೋ ಕಾಲ್‌ನಲ್ಲಿ ಒಬ್ಬ ವೈದ್ಯರು ಏಳು ನಿಮಿಷ ಮಾತನಾಡಿದರು. ನೋವು ಎಲ್ಲಿ, ಎಷ್ಟು ದಿನದಿಂದ, ನಿದ್ದೆ ಹೇಗೆ. ಬೇರೆ ಏನು ಮಾತ್ರೆ ತಗೊಳ್ಳುತ್ತಾರೆ ಅಂತ ಅವರು ಬಾಯಿಬಿಟ್ಟು ಕೇಳಲಿಲ್ಲ. ಅದಕ್ಕೂ ಮೊದಲು ತುಂಬಿಸಿದ ಫಾರಂನಲ್ಲಿ ಒಂದು ಖಾನೆ ಇತ್ತು, ನಾನು 'ಹಾರ್ಟ್ ಮಾತ್ರೆ' ಅಂತ ಬರೆದಿದ್ದೆ. ಯಾವ ಮಾತ್ರೆ ಅಂತ ತಿರುಗಿ ಫೋನ್ ಬರಲಿಲ್ಲ. ನಾಲ್ಕು ದಿನಕ್ಕೆ ಬಾಟಲಿ ಬಂತು, 30 ಎಂಎಲ್‌ಗೆ 2,800 ರೂಪಾಯಿ.

ಆ ಲೇಬಲ್ ಅನ್ನು ನಾನು ಸರಿಯಾಗಿ ಓದಿದ್ದು ಎಲ್ಲ ಮುಗಿದ ಮೇಲೆ. 'ವಿಜಯ ಸತ್ವ 3000 ಮಿ.ಗ್ರಾಂ' ಅಂತ ಇದೆ. ಆ ಗಿಡದಲ್ಲಿರುವ ಮುಖ್ಯ ರಾಸಾಯನಿಕ ಎರಡು, ಅಮಲು ಬರಿಸುವ ಟಿಎಚ್‌ಸಿ, ಅಮಲು ಬರಿಸದ ಸಿಬಿಡಿ. ಯಾವುದು ಎಷ್ಟಿದೆ ಅಂತ ಎಲ್ಲೂ ಇಲ್ಲ. ತಳದಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು ಅನ್ನುವ ಎಚ್ಚರಿಕೆ. ಆಯುರ್ವೇದದ ವಿಷದ್ರವ್ಯಗಳ ಸರ್ಕಾರಿ ಪಟ್ಟಿಯಲ್ಲಿ ಭಂಗಿ ಇರುವುದರಿಂದ ಆ ಸಾಲು ಹಾಕಲೇಬೇಕು. ಅದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಮ್ಮವ್ವನಿಗೆ ಓದಲು ಬರುವುದು ಕನ್ನಡ ಮಾತ್ರ.

ಮೊದಲ ವಾರ ಚೆನ್ನಾಗಿತ್ತು ಅಂತಲೂ ಹೇಳಬೇಕು. ರಾತ್ರಿ ಐದು ತೊಟ್ಟು ನಾಲಿಗೆ ಕೆಳಗೆ. ಎಷ್ಟೋ ತಿಂಗಳ ಮೇಲೆ ಅವ್ವ ಬೆಳಗಿನವರೆಗೆ ಮಲಗಿದರು. ನನಗೂ ನಿದ್ದೆ ಬಂತು. ಅಕ್ಕಪಕ್ಕದವರಿಗೆಲ್ಲ ಅವ್ವನೇ ಹೇಳಿಕೊಂಡು ಬಂದರು.

ಮೂರನೇ ವಾರ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ಬ್ರಷ್ ಗಟ್ಟಿ ಇರಬೇಕು ಅಂದುಕೊಂಡೆವು. ಅದಾಗಿ ಎರಡು ದಿನಕ್ಕೆ, ನಾನು ಕೆಲಸದಿಂದ ಬರುವುದು ತಡವಾಗಿತ್ತು, ಬಂದು ನೋಡಿದರೆ ಅವ್ವ ಬಚ್ಚಲ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಾರೆ, ಕಣ್ಣು ಅರ್ಧ ಮುಚ್ಚಿದೆ, ಎದೆ ಮೇಲೆ ಕೈ ಇಟ್ಟರೆ ಡಬಡಬ ಅಂತಿದೆ. "ಅರ್ಧ ಗಂಟೆ ಆದ್ರೂ ನೋವು ಕಮ್ಮಿ ಆಗ್ನಿಲ್ಲ ಅಂತ ಇನ್ನೊಂದೈದು ತೊಟ್ಟು ಬುಟ್ಕಂಡೆ ಕಣವ್ವ" ಅಂದರು. ಆಮೇಲೆ ಎದ್ದು ನಿಂತಿದ್ದಾರೆ, ತಲೆ ಸುತ್ತಿದೆ, ಹೊಸ್ತಿಲಿಗೆ ತೊಡೆ ತಾಗಿಸಿಕೊಂಡು ಬಿದ್ದಿದ್ದಾರೆ. ಸೀರೆ ಸರಿಸಿ ನೋಡಿದರೆ ಅಂಗೈ ಅಗಲದ ಕಪ್ಪು ಮಚ್ಚೆ. ಮೈಸೂರು ತಲುಪುವಷ್ಟರಲ್ಲಿ ಅದು ಊಟದ ತಟ್ಟೆಯಷ್ಟಾಗಿತ್ತು. ನೇರಳೆ ಹಣ್ಣಿನ ಬಣ್ಣ. ಮುಟ್ಟಿದರೆ ಬಿಸಿ, ಕಲ್ಲಿನ ಹಾಗೆ ಗಟ್ಟಿ.

ಐಎನ್‌ಆರ್ 7.4 ಬಂತು. ತಲೆ ಸ್ಕ್ಯಾನ್ ಮಾಡಿ ಒಳಗೆ ರಕ್ತ ಇಲ್ಲ ಅನ್ನುವವರೆಗೆ ನಾನು ಕಾರಿಡಾರ್‌ನಲ್ಲಿ ಕೂರಲೂ ಇಲ್ಲ. ವಾರ್ಫರಿನ್ ನಿಲ್ಲಿಸಿದರು. ಆದರೆ ಒಂದೇ ಸಲಕ್ಕೆ ರಕ್ತ ಗಟ್ಟಿ ಮಾಡುವ ಹಾಗೂ ಇಲ್ಲ, ವಾಲ್ವ್ ಮೇಲೆ ಹೆಪ್ಪು ಕೂತರೆ ಅದು ಇನ್ನೊಂದು ಅಪಾಯ. ದಿನಾ ರಕ್ತ ತೆಗೆದು ನೋಡುತ್ತಾ ಆರು ದಿನ ಇಟ್ಟುಕೊಂಡರು.

ಹೊಸದಾಗಿ ಏನಾದರೂ ಶುರು ಮಾಡಿದಿರಾ ಅಂತ ಡಾಕ್ಟರ್ ಎರಡು ಸಲ ಕೇಳಿದರು. ಇಲ್ಲ ಅಂದೆ. ನನ್ನ ತಲೆಯಲ್ಲಿ ಆ ಎಣ್ಣೆ ಔಷಧಿಯೇ ಆಗಿರಲಿಲ್ಲ. ಮೂರನೇ ಸಲ ಅವ್ವನೇ "ಆ ಎಣ್ಣೆ ಒಂದೈತಲ್ಲ" ಅಂದರು. ಡಾಕ್ಟರ್ ಬೈಯಲಿಲ್ಲ. ಬಿಡಿಸಿ ಹೇಳಿದರು. ವಾರ್ಫರಿನ್ ಅನ್ನು ಒಡೆದು ಹೊರಗೆ ಹಾಕುವ ಕೆಲಸ ಲಿವರ್‌ನದು, ಅದನ್ನು ಮುಖ್ಯವಾಗಿ ಮಾಡುವುದು ಸಿವೈಪಿ 2ಸಿ9 ಅನ್ನುವ ಕಿಣ್ವ. ಸಿಬಿಡಿ ಆ ಕಿಣ್ವವನ್ನು ತಡೆಯುತ್ತದೆ. ಆಗ ಮಾತ್ರೆ ಅದೇ ಇದ್ದರೂ ಮೈಯಲ್ಲಿ ಉಳಿಯುವ ವಾರ್ಫರಿನ್ ದಿನದಿಂದ ದಿನಕ್ಕೆ ಏರುತ್ತದೆ. ತಲೆ ಸುತ್ತು, ಎದೆ ಬಡಿತ ಟಿಎಚ್‌ಸಿಯಿಂದ. ಎದ್ದು ನಿಂತಾಗ ಬಿಪಿ ಇಳಿಯುತ್ತದೆ, ವಯಸ್ಸಾದವರು ಬೀಳುವುದು ಹಾಗೆಯೇ. ನಾಲಿಗೆ ಕೆಳಗೆ ಇಟ್ಟರೂ ಹೆಚ್ಚಿನದು ಹೊಟ್ಟೆಗೇ ಹೋಗುತ್ತದೆ. ಹೊಟ್ಟೆಗೆ ಹೋದದ್ದು ಏರಲು ಒಂದೆರಡು ಗಂಟೆ ಬೇಕು, ಇಳಿಯಲು ಆರೆಂಟು ಗಂಟೆ. ಅರ್ಧ ಗಂಟೆಗೆ ಏನೂ ಆಗಲಿಲ್ಲ ಅಂತ ಇನ್ನಷ್ಟು ಹಾಕಿಕೊಂಡರೆ ಎರಡೂ ಒಟ್ಟಿಗೆ ಏರುತ್ತವೆ.

ಇದನ್ನು ಓದಿ ಆ ಗಿಡವೇ ಕೆಟ್ಟದ್ದು ಅಂದುಕೊಳ್ಳಬೇಡಿ, ನಾನು ಹಾಗೆ ಹೇಳುತ್ತಿಲ್ಲ. ಕೀಮೋ ತಗೊಳ್ಳುವವರ ವಾಂತಿಗೆ ಇದರ ಜಾತಿಯ ಮಾತ್ರೆಗಳನ್ನು ಅಮೆರಿಕದಲ್ಲಿ 1985ರಲ್ಲೇ ಒಪ್ಪಿದ್ದಾರೆ. ದೊಡ್ಡವರ ದೀರ್ಘಕಾಲದ ನೋವಿಗೆ ಉಪಯೋಗ ಇದೆ ಅನ್ನಲು ಸಾಕಷ್ಟು ಆಧಾರ ಇದೆ ಅಂತ ಅಲ್ಲಿನ ನ್ಯಾಷನಲ್ ಅಕಾಡೆಮಿಗಳ 2017ರ ವರದಿ ಹೇಳುತ್ತದೆ. 2021ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ತಜ್ಞರ ಸಲಹೆ ಇನ್ನೂ ಹುಷಾರಾಗಿದೆ. ಬೇರೆ ಚಿಕಿತ್ಸೆ ಸಾಲದಿದ್ದರೆ ಪ್ರಯತ್ನಿಸಿ ನೋಡಬಹುದು, ಆದರೆ ಬಹಳ ಜನಕ್ಕೆ ಸಿಗುವ ಸುಧಾರಣೆ ಸಣ್ಣದು ಅಂತ. ಅವ್ವನಿಗೆ ಬಂದ ನಿದ್ದೆ ಸುಳ್ಳಲ್ಲ ಅಂತಲೇ ನನಗೂ ಅನಿಸುತ್ತದೆ. ಆದರೆ ಆ ಅಧ್ಯಯನಗಳಲ್ಲಿ ಯಾರಿಗೆ ಎಷ್ಟು ಮಿಲಿಗ್ರಾಂ ಅಂತ ಅಳೆದು ಕೊಟ್ಟಿರುತ್ತಾರೆ. ನಮ್ಮ ಬಾಟಲಿಯಲ್ಲಿ ಅದೇ ಇಲ್ಲವಲ್ಲ. 2017ರಲ್ಲೇ ಅಮೆರಿಕದ ಸಂಶೋಧಕರು ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಲೇಬಲ್‌ಗೆ ಸರಿಹೊಂದಿದ್ದು 26 ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು.

ಮಾರಿದವರಿಗೆ ಫೋನ್ ಮಾಡಿದೆ. ಫಾರಂನಲ್ಲಿ ವಾರ್ಫರಿನ್ ಅಂತ ಬರೆದಿಲ್ಲ, ಜವಾಬ್ದಾರಿ ನಿಮ್ಮದು ಅಂದರು. ಬರೆಯದಿದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಹಾರ್ಟ್ ಮಾತ್ರೆ ಅಂತ ಓದಿದ ಮೇಲೂ ಕೇಳದಿದ್ದದ್ದು ಅವರದು. ಮಂಡ್ಯದ ಜಿಲ್ಲಾ ಆಯುಷ್ ಕಚೇರಿಗೆ ಕೊಡಲು ಬಿಲ್ಲು, ಲೇಬಲ್ ಫೋಟೋ, ಡಿಸ್ಚಾರ್ಜ್ ಚೀಟಿ ಜೋಡಿಸಿ ದೂರು ಬರೆದಿದ್ದೇನೆ. ಔಷಧಿಯಿಂದ ಹೀಗೆ ತೊಂದರೆಯಾದರೆ ತಿಳಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಯೂ ಇದೆ, 1800-180-3024.

ನೀವು ಈಗಾಗಲೇ ತರಿಸಿದ್ದರೆ ಬಾಟಲಿಯನ್ನೇ ತಗೊಂಡು ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋಗಿ, ಜೊತೆಗೆ ತಿನ್ನುವ ಎಲ್ಲ ಮಾತ್ರೆಯ ಪಟ್ಟಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ವಾರ್ಫರಿನ್ ಇದ್ದರೆ ತಿಂಗಳ ಪರೀಕ್ಷೆಗೆ ಕಾಯದೆ ಇವತ್ತೇ ಐಎನ್‌ಆರ್ ಮಾಡಿಸಿ. ಎಣ್ಣೆ ನಿಲ್ಲಿಸಿದ ಮೇಲೂ ಮಾಡಿಸಿ, ಯಾಕೆಂದರೆ ಆಗ ಅದು ಕೆಳಗೆ ಇಳಿಯುತ್ತದೆ.

ಇಷ್ಟು ಬರೆಯಲು ಕೂರಿಸಿದ್ದು ನಮ್ಮ ಬೀದಿಯ ಚಿಕ್ಕವ್ವ. ಅವರ ಏಳು ವರ್ಷದ ಮೊಮ್ಮಗನಿಗೆ ಫಿಟ್ಸ್ ಬರುತ್ತದೆ, ವಾಲ್ಪ್ರೊಯೇಟ್ ಸಿರಪ್ ಕುಡಿಯುತ್ತಾನೆ. ಈ ಎಣ್ಣೆ ಫಿಟ್ಸ್‌ಗೂ ಒಳ್ಳೆಯದಂತೆ, ಉಳಿದದ್ದು ಕೊಡು ಅಂತ ಬಂದರು. ಅವರು ಕೇಳಿದ್ದರಲ್ಲಿ ನಿಜವೂ ಇದೆ. ಡ್ರಾವೆ, ಲೆನಾಕ್ಸ್-ಗ್ಯಾಸ್ಟೋ ಅನ್ನುವ ಎರಡು ಕಠಿಣ ಬಗೆಯ ಫಿಟ್ಸ್‌ಗೆ ಎಪಿಡಿಯೋಲೆಕ್ಸ್ ಅನ್ನುವ ಶುದ್ಧ ಸಿಬಿಡಿ ಔಷಧಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಅದನ್ನು ಮಗುವಿನ ತೂಕ ನೋಡಿ ಕೊಡುತ್ತಾರೆ, ಲಿವರ್ ಪರೀಕ್ಷೆ ಮಾಡಿಸುತ್ತಲೇ ಇರುತ್ತಾರೆ, ವಾಲ್ಪ್ರೊಯೇಟ್ ಜೊತೆ ಸೇರಿದರೆ ಲಿವರ್‌ಗೆ ಏಟು ಬೀಳುವುದು ಜಾಸ್ತಿ. ನಾನು ಬಾಟಲಿ ಕೊಡಲಿಲ್ಲ. ಚಿಕ್ಕವ್ವನಿಗೆ ಬೇಜಾರಾಯಿತು. ಬುಧವಾರ ಬೆಳಗಿನ ರೈಲಿಗೆ ಇಬ್ಬರನ್ನೂ ಮೈಸೂರಿನ ನರರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಹುಡುಗನ ಫಿಟ್ಸ್ ಆ ಬಗೆಯದಲ್ಲ ಅಂದರು. ರಾತ್ರಿಯ ಸಿರಪ್ ಎಷ್ಟೋ ದಿನ ತಪ್ಪಿಹೋಗುತ್ತಿತ್ತು ಅನ್ನುವುದು ಅಲ್ಲೇ ಗೊತ್ತಾಯಿತು. ಈಗ ರಾತ್ರಿ ಎಂಟಕ್ಕೆ, ಅವ್ವ ವಾರ್ಫರಿನ್ ನುಂಗುವ ಹೊತ್ತಿಗೆ, ಚಿಕ್ಕವ್ವನ ಮನೆಗೂ ಒಂದು ಫೋನ್ ಮಾಡುತ್ತಾರೆ.