ಆಶ್, ಸ್ಟ್ಯಾನ್, ವೆಲಿಂಗ್ಟನ್ ಪೊಲೀಸರು: ದೆವ್ವ ಹಿಡಿಯೋದ್ರಲ್ಲಿ ಯಾರು ಜಾಸ್ತಿ ನಗಿಸ್ತಾರೆ?

ಎದುರಿಗೆ ಪಿಶಾಚಿ ಬಾಯಿ ತೆರೆದು ನಿಂತಿದೆ. ಆದರೂ ಅದನ್ನು ಹಿಡಿಯಬೇಕಾದವನು ತನ್ನ ಸಣ್ಣತನ ಬಿಡುವುದಿಲ್ಲ. ದೆವ್ವದ ಕಾಮಿಡಿಯಲ್ಲಿ ನನಗೆ ಇಷ್ಟವಾಗುವುದು ಇದೇ. ಇಂಥ ಮೂರು ಸೀರಿಯಲ್‌ಗಳನ್ನು ಒಂದರ ಹಿಂದೆ ಒಂದು ನೋಡಿ ಮುಗಿಸಿದೆ. ಅಮೆರಿಕದ್ದು ಎರಡು: 'ಆಶ್ ವರ್ಸಸ್ ಈವಿಲ್ ಡೆಡ್', 'ಸ್ಟ್ಯಾನ್ ಅಗೇನ್ಸ್ಟ್ ಈವಿಲ್'. ಇನ್ನೊಂದು ನ್ಯೂಜಿಲೆಂಡಿನ 'ವೆಲಿಂಗ್ಟನ್ ಪ್ಯಾರಾನಾರ್ಮಲ್'. ಮೂರರಲ್ಲೂ ಎಪಿಸೋಡ್ ಹೆಚ್ಚುಕಡಿಮೆ ಅರ್ಧ ಗಂಟೆ. ದೆವ್ವಗಳೂ ಹೆಚ್ಚುಕಡಿಮೆ ಅದೇ ಜಾತಿಯವು. ವ್ಯತ್ಯಾಸ ಇರುವುದು ಹಿಡಿಯುವವರಲ್ಲಿ. ಒಬ್ಬನಿಗೆ ತಾನು ಹೀರೋ ಎಂಬ ಭ್ರಮೆ, ಇನ್ನೊಬ್ಬನಿಗೆ ಎಲ್ಲದರ ಮೇಲೂ ಸಿಟ್ಟು, ಮಿಕ್ಕವರಿಗೆ ಅದು ಬರೀ ಡ್ಯೂಟಿ.

ಮೊದಲು ಆಶ್. 1981ರ 'ದಿ ಈವಿಲ್ ಡೆಡ್' ಸಿನಿಮಾದಲ್ಲಿ ಕಾಡಿನ ಮನೆಯೊಂದರಲ್ಲಿ ಗೆಳೆಯರನ್ನೆಲ್ಲ ಕಳೆದುಕೊಂಡ ಹುಡುಗ ಇವನು. 2015ರ ಅಕ್ಟೋಬರ್ 31ಕ್ಕೆ ಸ್ಟಾರ್ಜ್ ಚಾನೆಲ್‌ನಲ್ಲಿ ಸೀರಿಯಲ್ ಶುರುವಾಗುವ ಹೊತ್ತಿಗೆ ಅವನಿಗೆ ಹೊಟ್ಟೆ ಬಂದಿದೆ. ನಟ ಅವನೇ, ಬ್ರೂಸ್ ಕ್ಯಾಂಪ್‌ಬೆಲ್. ಮೊದಲ ದೃಶ್ಯದಲ್ಲೇ ಹೊಟ್ಟೆ ಒಳಗೆ ಹೋಗಲಿ ಅಂತ ಬಿಗಿ ಪಟ್ಟಿ ಕಟ್ಟಿಕೊಳ್ಳಲು ಒದ್ದಾಡುತ್ತಾನೆ. ವಾಸ ಟ್ರೇಲರ್‌ನಲ್ಲಿ, ಕೆಲಸ ಅಂಗಡಿಯಲ್ಲಿ, ಒಂದು ಕೈ ಮರದ್ದು. ಇಷ್ಟು ವರ್ಷದ ಮೇಲೆ ದೆವ್ವಗಳು ಮತ್ತೆ ಯಾಕೆ ಎದ್ದವು ಅಂತೀರಾ? ಗಾಂಜಾದ ಅಮಲಿನಲ್ಲಿ, ಒಬ್ಬಳನ್ನು ಮೆಚ್ಚಿಸೋಕೆ, ದೆವ್ವಗಳನ್ನು ಎಬ್ಬಿಸುವ ಶಾಪದ ಪುಸ್ತಕವನ್ನೇ ಕವಿತೆ ಅಂತ ಓದಿಬಿಟ್ಟಿದ್ದಾನೆ! ಇಡೀ ಸೀರಿಯಲ್‌ನ ಗುಣ ಅಲ್ಲೇ ತಿಳಿಯುತ್ತದೆ.

ರಕ್ತ ಮಾತ್ರ ವಿಪರೀತ. ಆಶ್‌ನ ಚೈನ್‌ಸಾ, ಅಂದರೆ ಮರ ಕೊಯ್ಯುವ ಯಂತ್ರದ ಗರಗಸ, ಶುರುವಾದರೆ ಗೋಡೆ, ನೆಲ, ಮುಖ ಎಲ್ಲ ಕೆಂಪು. ಎರಡನೇ ಸೀಸನ್‌ನಲ್ಲಿ ಶವಾಗಾರದ ಒಂದು ಹೊಡೆದಾಟವಿದೆ. ಹೆಣದ ಕರುಳು ಆಶ್‌ನನ್ನು ಹಿಡಿದು ಎಳೆಯುತ್ತದೆ. ಅವನ ತಲೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಇಲ್ಲಿ ಬರೆಯಲಾರೆ. ಅಸಹ್ಯ ಮೇರೆ ಮೀರಿದ ಮೇಲೆ ನಗು ತಾನಾಗಿ ಬರುತ್ತದೆ ಅನ್ನುವುದು ಇವರ ಲೆಕ್ಕ, ನನ್ನ ಮಟ್ಟಿಗೆ ಅದು ಸರಿಯಾಗೇ ಕೂತಿತು. ಆದರೆ ಊಟದ ತಟ್ಟೆ ಹಿಡಿದು ನೋಡಬೇಡಿ.

ತೊಂದರೆ ಮೂರನೇ ಸೀಸನ್‌ನದ್ದು. ಆಶ್‌ಗೆ ಗೊತ್ತೇ ಇಲ್ಲದ ಮಗಳೊಬ್ಬಳು ಬರುತ್ತಾಳೆ, ಅವನು ನಿಜವಾಗಿಯೂ ಹೀರೋ ಆಗತೊಡಗುತ್ತಾನೆ. ಹೀರೋ ಅಂದುಕೊಂಡ ದಡ್ಡ ನಗಿಸುತ್ತಿದ್ದ, ನಿಜವಾದ ಹೀರೋ ಅಷ್ಟು ನಗಿಸುವುದಿಲ್ಲ. 2018ರಲ್ಲಿ 30 ಎಪಿಸೋಡ್‌ಗೆ ಸೀರಿಯಲ್ ನಿಂತಿತು.

ಸ್ಟ್ಯಾನ್ ಇದಕ್ಕೆ ಪೂರ್ತಿ ತದ್ವಿರುದ್ಧ. ನ್ಯೂ ಹ್ಯಾಂಪ್‌ಶೈರ್‌ನ ವಿಲ್ಲರ್ಡ್ಸ್ ಮಿಲ್ ಎಂಬ ಕಲ್ಪನೆಯ ಊರು. ಹಿಂದೆ ಅಲ್ಲಿ 172 ಜನರನ್ನು ಮಾಟಗಾತಿಯರು ಅಂತ ಸುಟ್ಟಿದ್ದರು. ಆ ಶಾಪ ಊರಿನ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳಿಗೆಲ್ಲ ತಟ್ಟುತ್ತಾ ಬಂದಿದೆ. ಸ್ಟ್ಯಾನ್ ಒಬ್ಬ ಉಳಿದುಕೊಂಡಿದ್ದು ಹೆಂಡತಿ ಗುಟ್ಟಾಗಿ ಕಾಪಾಡಿದ್ದರಿಂದ, ಅದು ಅವನಿಗೆ ಗೊತ್ತಾಗುವುದು ಅವಳು ಸತ್ತ ಮೇಲೆ. ಈಗ ಕೆಲಸ ಹೋಗಿದೆ, ಹೊಸ ಶೆರಿಫ್ ಈವಿ ಬಂದಿದ್ದಾಳೆ. ಅವನಿಗೆ ಬೇಕಾಗಿರುವುದು ಕುರ್ಚಿ, ಟೀವಿ, ಬಿಯರ್ ಇಷ್ಟೇ. ಈತನೇನಾದರೂ ನಮ್ಮ ಕಡೆ ಹುಟ್ಟಿದ್ದರೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ಹೋಗಿ ಮಲಗಿಬಿಡುತ್ತಿದ್ದ.

ಬರೆದವರು ಡಾನಾ ಗೂಲ್ಡ್, ಹಿಂದೆ 'ದಿ ಸಿಂಪ್ಸನ್ಸ್' ಕಾರ್ಟೂನ್ ಸೀರಿಯಲ್‌ಗೆ ಬರೆದವರು. ಸ್ಟ್ಯಾನ್ ಬೈಯುವ ಮಾತುಗಳಲ್ಲಿ ಆ ಪಳಗಿದ ಕೈ ಕಾಣುತ್ತದೆ. ಸ್ಟ್ಯಾನ್ ಆಗಿರುವ ಜಾನ್ ಸಿ. ಮ್ಯಾಕ್‌ಗಿನ್ಲಿ ಗೊಣಗುತ್ತಿದ್ದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತದೆ. ಆದರೆ ದೆವ್ವಗಳು ಪೇಲವ. ವಾರಕ್ಕೊಂದು ಬರುತ್ತದೆ, ಬೈಸಿಕೊಳ್ಳುತ್ತದೆ, ಸಾಯುತ್ತದೆ. ಮೂರು ಸೀಸನ್, 24 ಎಪಿಸೋಡ್. ನಾಲ್ಕೈದು ಒಟ್ಟಿಗೆ ನೋಡಿದರೆ ಬೇಸರ. ದಿನಕ್ಕೆ ಒಂದೇ ನೋಡಿ, ಚೆನ್ನಾಗಿರುತ್ತದೆ.

ಈಗ ನನ್ನ ಮೆಚ್ಚಿನದು. 'ವೆಲಿಂಗ್ಟನ್ ಪ್ಯಾರಾನಾರ್ಮಲ್' 2018ರಲ್ಲಿ ನ್ಯೂಜಿಲೆಂಡ್ ಟೀವಿಗೆ ಬಂತು, ನಾಲ್ಕು ಸೀಸನ್ ನಡೆಯಿತು. ಜೆಮೇನ್ ಕ್ಲೆಮೆಂಟ್, ಟೈಕಾ ವೈಟಿಟಿ ಜೋಡಿ 2014ರಲ್ಲಿ ರಕ್ತಪಿಶಾಚಿಗಳ ಬಗ್ಗೆ ಒಂದು ತಮಾಷೆ ಸಿನಿಮಾ ಮಾಡಿತ್ತು. ಅದರಲ್ಲಿ ಸ್ವಲ್ಪ ಹೊತ್ತು ಬಂದು ಹೋಗುವ ಇಬ್ಬರು ಪೊಲೀಸರೇ ಇಲ್ಲಿ ನಾಯಕರು: ಮಿನೋಗ್ ಮತ್ತು ಓಲಿಯರಿ. ಪಾತ್ರಗಳ ಹೆಸರೇ ನಟರ ಹೆಸರು. ಓಲಿಯರಿ ಆಗಿರುವ ಕ್ಯಾರೆನ್ ಓಲಿಯರಿ ಪುಟ್ಟ ಮಕ್ಕಳ ಟೀಚರ್ ಆಗಿದ್ದವರು. ದೆವ್ವದ ಹತ್ತಿರ ಮಾತಾಡುವಾಗಲೂ ಅದೇ ತಾಳ್ಮೆ, ಅದೇ ದನಿ!

ಇಡೀ ಸೀರಿಯಲ್ ಪೊಲೀಸರ ಹಿಂದೆ ಕ್ಯಾಮೆರಾ ಹಿಡಿದು ಓಡಾಡುವ ಡಾಕ್ಯುಮೆಂಟರಿ ಥರ ಇದೆ. ಅವರ ಸಾರ್ಜೆಂಟ್ ಮಾಕಾ ಸ್ಟೇಷನ್ನಿನಲ್ಲೇ ಒಂದು ಗುಟ್ಟಿನ ಕೋಣೆ ಇಟ್ಟುಕೊಂಡಿದ್ದಾನೆ, ದೆವ್ವದ ಕೇಸುಗಳಿಗೆ. ಒಂದು ಎಪಿಸೋಡ್‌ನಲ್ಲಿ ಜೋರು ಗಲಾಟೆ ಅಂತ ದೂರು ಬಂದು ಇವರು ಒಂದು ಮನೆಗೆ ಹೋಗುತ್ತಾರೆ. ಒಳಗೆ ಎಪ್ಪತ್ತರ ದಶಕದ ದೆವ್ವಗಳು ಪಾರ್ಟಿ ಮಾಡುತ್ತಿವೆ. ಕಿರುಚುವುದಿಲ್ಲ, ಓಡುವುದಿಲ್ಲ. ಸೌಂಡ್ ಕಮ್ಮಿ ಮಾಡಿಸಬೇಕು, ಅಷ್ಟೇ ಅವರ ಚಿಂತೆ. ಮೊದಲ ಎಪಿಸೋಡ್‌ನಲ್ಲಿ ಪಿಶಾಚಿಯೊಂದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹಾರುತ್ತಿರುತ್ತದೆ, ಇವರು ಪಾಪ ನಿಧಾನವಾಗಿ ವಿಚಾರಣೆ ಮಾಡುತ್ತಿರುತ್ತಾರೆ. ನೋಡುವ ನಮಗೇ ಗಾಬರಿ, ಅವರಿಗಿಲ್ಲ. ಈ ಪಾತ್ರಗಳು ಎಷ್ಟು ನಿಜ ಅನ್ನಿಸಿದವೆಂದರೆ 2020ರ ಕೋವಿಡ್ ಸಮಯದಲ್ಲಿ ನ್ಯೂಜಿಲೆಂಡ್ ಪೊಲೀಸರು ಇವರನ್ನೇ ಇಟ್ಟುಕೊಂಡು ಜನರಿಗೆ ತಿಳಿವಳಿಕೆ ಹೇಳುವ ವಿಡಿಯೋ ಮಾಡಿದರು.

ಇದರಲ್ಲೂ ಕೊರತೆ ಇಲ್ಲದಿಲ್ಲ. ಗ್ರಾಫಿಕ್ಸ್ ಸಾಧಾರಣ, ಭಯ ಅಂತೂ ಇಲ್ಲವೇ ಇಲ್ಲ. ನ್ಯೂಜಿಲೆಂಡ್ ಇಂಗ್ಲಿಷ್ ಶುರುವಿನಲ್ಲಿ ಕಿವಿಗೆ ಹತ್ತುವುದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ. ಜೋಕುಗಳೆಲ್ಲ ಮೆತ್ತಗೆ ಗೊಣಗಿದ ಮಾತಿನಲ್ಲೇ ಇವೆ.

ಬ್ರಿಟನ್ನಿನ 'ಟ್ರೂತ್ ಸೀಕರ್ಸ್' ಕೂಡ ನೋಡಿದ್ದೆ, ಬ್ರಾಡ್‌ಬ್ಯಾಂಡ್ ಹಾಕುವವನು ದೆವ್ವ ಹುಡುಕುವ ಕಥೆ. 8 ಎಪಿಸೋಡ್‌ಗೆ ಅದನ್ನು ನಿಲ್ಲಿಸಿಬಿಟ್ಟರು, ಕಥೆ ಅರ್ಧಕ್ಕೇ ನಿಂತಿದೆ. ಅದಕ್ಕೆ ಹೋಲಿಕೆಗೆ ತರಲಿಲ್ಲ.

ಮನೆಯವರೆಲ್ಲ ಓಡಾಡುವ ಹಾಲ್‌ನಲ್ಲಿ ನೋಡುವುದಾದರೆ ವೆಲಿಂಗ್ಟನ್ ಹಾಕಿ. ದೆವ್ವದ ಜೊತೆ ನಿಜವಾದ ಹೊಡೆದಾಟ ಬೇಕು ಅನ್ನುವವರಿಗೆ ಆಶ್ ಬಿಟ್ಟರೆ ಬೇರೆ ಇಲ್ಲ, ಹಳೆಯ ಸಿನಿಮಾ ನೋಡಿರಲೇಬೇಕು ಅಂತೇನಿಲ್ಲ, ಬೇಕಾದಷ್ಟನ್ನು ಅವನೇ ಹೇಳುತ್ತಾನೆ. ಆದರೆ ಮಕ್ಕಳು ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಆ ಚೈನ್‌ಸಾ ಸದ್ದು ಪಕ್ಕದ ಮನೆಗೂ ಕೇಳಿಸುತ್ತದೆ.